ಮೂವತ್ತೈದರ ಗೋಪುರ

ನಿಮ್ಮ ಬದುಕಿಗೆ ನೂರಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದು ಕೇಳಿದರೆ, ಮೊದಲು ನಿಮ್ಮದು ನೋಡ್ಕೊಳ್ಳಿ ಎಂದು ಬಾಗಿಲು ಹಾಕಿಕೊಳ್ಳುವ ಸ್ವಭಾವ ನನ್ನದು. ಆದರೆ ಬೇರೆಯವರನ್ನು ಹಾಗೆ ಕೇಳಿಸುವುದೇ ನನ್ನ ಹೊಟ್ಟೆಪಾಡು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ನಾನು ಸಂಖ್ಯಾಶಾಸ್ತ್ರದವಳು. ವೈದ್ಯರು ರೋಗಿಗಳನ್ನು ನೋಡುತ್ತಾರೆ, ನಾನು ವೈದ್ಯರು ತಂದ ಅಂಕಿಗಳನ್ನು ನೋಡುತ್ತೇನೆ. ರಕ್ತದೊತ್ತಡ ಎಷ್ಟು ಇಳಿಯಿತು ಎನ್ನುವುದನ್ನು ಯಂತ್ರ ಹೇಳಿಬಿಡುತ್ತದೆ. ಬದುಕು ಎಷ್ಟು ಸುಧಾರಿಸಿತು ಎನ್ನುವುದನ್ನು ಮಾತ್ರ ಬದುಕುತ್ತಿರುವವರೇ ಹೇಳಬೇಕು. ಅದಕ್ಕೆ ನಮ್ಮ ಬಳಿ ಕಾಗದದ ಮೇಲೆ ಮುದ್ರಿಸಿದ ಒಂದು ಅಳತೆಗೆರೆ ಇದೆ. ಕೆಳತುದಿಯಲ್ಲಿ ಸೊನ್ನೆ, ಮೇಲ್ತುದಿಯಲ್ಲಿ ನೂರು, ನಡುವೆ ಸ್ಕೇಲಿನಲ್ಲಿರುವಂತೆ ಸಮನಾದ ಗೀಟುಗಳು. ಇವತ್ತು ನಿಮ್ಮ ಸ್ಥಿತಿ ಎಲ್ಲಿದೆ ಅನಿಸುತ್ತದೋ ಅಲ್ಲಿ ಗುರುತು ಹಾಕಿ ಎನ್ನುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಪಾರ್ಶ್ವವಾಯು ಆದವರ ಬಗ್ಗೆ ಒಂದು ಅಧ್ಯಯನ ಶುರುವಾಯಿತು. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿದೆವು. ಒಂದು ಗುಂಪಿನವರು ಎಂದಿನಂತೆ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಬೇಕು. ಇನ್ನೊಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟೇ ಹೋಗುತ್ತಾಳೆ. ಆಕೆ ಆರ್.ಟಿ. ನಗರದ ಹುಡುಗಿ. ಮನೆಯಲ್ಲಿ ದಖನಿ ಉರ್ದು, ಹೊರಗೆ ನನಗಿಂತ ವೇಗದ ಕನ್ನಡ. ಸ್ಕೂಟರಿನ ಮುಂದೆ ಒಂದು ಚೀಲ, ಅದರಲ್ಲಿ ರಬ್ಬರ್ ಚೆಂಡು, ಎಲಾಸ್ಟಿಕ್ ಪಟ್ಟಿ, ಬೆರಳಿಗೆ ಬಲ ಬರಲೆಂದು ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಯಲಹಂಕ, ಜಾಲಹಳ್ಳಿ, ಅಲ್ಲೇ ಪಕ್ಕದ ಸಿಂಗಾಪುರ ಎಂದು ಬಿಸಿಲು ಮಳೆ ನೋಡದೆ ಸುತ್ತುತ್ತಿದ್ದಳು. ಈ ಮನೆಭೇಟಿಯ ಯೋಚನೆಯೇ ಅವಳದು. ಹಣ ಕೊಡುತ್ತಿದ್ದ ಟ್ರಸ್ಟ್ ಮೊದಲೇ ಹೇಳಿತ್ತು: ಮನೆಗೆ ಹೋಗುವುದರಿಂದ ಜನರ ಬದುಕು ಸುಧಾರಿಸುತ್ತದೆ ಎಂದು ಅಂಕಿಗಳು ತೋರಿಸಿದರೆ ಮುಂದುವರಿಸುತ್ತೇವೆ, ಇಲ್ಲವಾದರೆ ಅಧ್ಯಯನದ ಜೊತೆಗೆ ಇದೂ ಮುಗಿಯಿತು. ಅಂದರೆ ಅವಳ ಸ್ಕೂಟರ್ ಓಡುವುದೋ ನಿಲ್ಲುವುದೋ ನನ್ನ ಲೆಕ್ಕದ ಮೇಲೆ ನಿಂತಿತ್ತು.

ಅಂಕಿಗಳನ್ನು ಯಾವ ವಿಧಾನದಿಂದ ಲೆಕ್ಕ ಹಾಕಬೇಕು ಎನ್ನುವುದನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಫಲಿತಾಂಶ ನೋಡಿಕೊಂಡು ವಿಧಾನ ಆರಿಸುವುದೆಂದರೆ ಮಗು ಹುಟ್ಟಿದ ಮೇಲೆ ಗಂಡೋ ಹೆಣ್ಣೋ ಎಂದು ಭವಿಷ್ಯ ಹೇಳಿದ ಹಾಗೆ. ನಾವು ಬರೆದಿಟ್ಟಿದ್ದು ಎಲ್ಲರೂ ಮಾಡುವುದನ್ನೇ: ಎರಡು ಗುಂಪುಗಳ ಸರಾಸರಿ ಅಂಕ ತೆಗೆದು ಹೋಲಿಸುವುದು, ಇಷ್ಟಾದರೂ ವ್ಯತ್ಯಾಸ ಇದ್ದರೆ ಮಾತ್ರ ಲಾಭವಿದೆ ಎನ್ನುವುದು.

ಕೊನೆಯ ಸುತ್ತಿನ ಅಂಕಗಳೆಲ್ಲ ಬಂದಾದ ಮೇಲೆ, ಯಾರು ಯಾವ ಗುಂಪು ಎನ್ನುವುದನ್ನು ಇನ್ನೂ ಮುಚ್ಚಿಟ್ಟೇ, ಎಲ್ಲರ ಅಂಕಗಳನ್ನೂ ಒಟ್ಟು ಸೇರಿಸಿ, ಯಾವ ಅಂಕಕ್ಕೆ ಎಷ್ಟು ಜನ ಎಂದು ತೋರಿಸುವ ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಸಿದೆ. ಇದು ನನ್ನ ಅಭ್ಯಾಸ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಅಷ್ಟೇ. ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಒಂದು ಗುಡ್ಡ ಕಾಣಬೇಕಿತ್ತು. ಕಂಡದ್ದೇ ಬೇರೆ. ಮೂವತ್ತೈದರಲ್ಲಿ ಒಂದು ಗೋಪುರ ನೆಟ್ಟಗೆ ಎದ್ದು ನಿಂತಿತ್ತು. ಅದರ ಕೆಳಗೆ ಚೆದುರಿದ ಒಂದಷ್ಟು ಗುರುತುಗಳು. ಅರವತ್ತರಲ್ಲಿ ಇನ್ನೊಂದು ಗೋಪುರ, ಎಂಬತ್ತೈದರ ಹತ್ತಿರ ಒಂದು ಪುಟ್ಟ ದಿಬ್ಬ. ನಡುವಿನ ಜಾಗದಲ್ಲಿ ಯಾರೂ ವಾಸವಿದ್ದಂತೆ ಕಾಣಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಇದು ಕಾಯಿಲೆಯವರ ಮನೆಗೆ ಹೋಗದೆ ಎಲ್ಲೋ ಕೂತು ತುಂಬಿಸಿದ ಅಂಕಿ ಎಂದೇ ಅಂದುಕೊಂಡೆ. ಅಂಕ ಬರೆದುಕೊಂಡು ಬರುತ್ತಿದ್ದ ಸಹಾಯಕಿಯನ್ನು ಕರೆದು ಖಾರವಾಗಿಯೇ ಕೇಳಿದೆ. ಅವಳಿಗೂ ಯಾರು ಯಾವ ಗುಂಪು ಎಂದು ಗೊತ್ತಿರಲಿಲ್ಲ, ಗೊತ್ತಾಗಬಾರದೆಂದೇ ನಿಯಮ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ನನ್ನ ಜೊತೆ ಬನ್ನಿ, ಅವರನ್ನೇ ಕೇಳಿ ಎಂದಳು. ಮರುದಿನವೇ ಹೊರಟೆ.

ಮೊದಲು ಹೋದದ್ದು ಜಾಲಹಳ್ಳಿಗೆ. ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಸಣ್ಣ ಸಣ್ಣ ಬಿಡಿಭಾಗಗಳನ್ನು ಕೂಡಿಸುತ್ತ ನಿವೃತ್ತಿಯಾದ ಹೆಂಗಸಿನ ಮನೆ ಅದು. ಪಾರ್ಶ್ವವಾಯು ಆಕೆಯ ಬಲಗೈಯನ್ನು ಕಟ್ಟಿಹಾಕಿತ್ತು. ಬಾಗಿಲಲ್ಲೇ ಸಹಾಯಕಿ, ನಿಮ್ಮ ಮನೆಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನ ಮಾತ್ರ ನಮಗೆ ಹೇಳಬೇಡಿ ಎಂದು ಎಚ್ಚರಿಸಿದಳು. ಆಕೆ ನಕ್ಕು, ಕಾಫಿ ಕುಡೀತೀರಾ ಅಂತ ಕೇಳಬಹುದಾ ಎಂದರು. ಕಾಫಿ ಮಾಡಿ ತಂದವರು ಅವರ ಗಂಡ. ಆಕೆಯ ಜಡೆ ಬೆನ್ನ ಮೇಲೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾಗಿ, ಸೊಟ್ಟಸೊಟ್ಟಗೆ ಇಳಿದಿತ್ತು. ನಾನು ನೋಡಿದ್ದನ್ನು ಆಕೆ ಕಂಡರು. ಇವರು ಹೆಣೆಯೋದು ಜಡೆ ಅಲ್ಲ, ಹಸು ಕಟ್ಟೋ ಹಗ್ಗ ಎಂದು ಗಂಡನನ್ನು ಆಡಿಕೊಂಡರು. ಗಂಡನಿಗೆ ಅದು ಅಭ್ಯಾಸವಾಗಿತ್ತು ಅಂತ ಕಾಣುತ್ತದೆ, ಬಿಸ್ಕತ್ತಿನ ತಟ್ಟೆ ನಮ್ಮ ಕಡೆ ಸರಿಸಿ ಕೂತರು.

ಆಕೆ ಕೊನೆಯ ಸುತ್ತಿನಲ್ಲಿ ಹಾಕಿದ ಅಂಕ ಮೂವತ್ತನಾಲ್ಕು. ಅದಕ್ಕೆ ಹಿಂದಿನ ಸುತ್ತಿನಲ್ಲೂ ಮೂವತ್ತನಾಲ್ಕೇ. ಮೂವತ್ತಲ್ಲ, ನಲವತ್ತಲ್ಲ, ಯಾಕೆ ಮೂವತ್ತನಾಲ್ಕು ಎಂದು ಕೇಳಿದೆ.

"ಇನ್ನೂ ಪಾಸಾಗಿಲ್ವಲ್ಲಮ್ಮ ನಾನು," ಎಂದರು.

ನನಗೆ ಅರ್ಥವಾಗಲಿಲ್ಲ. ಯಾವುದರಲ್ಲಿ ಎಂದೆ.

"ಇದ್ರಲ್ಲೇ ಕಣ್ರೀ, ಬದುಕೋದ್ರಲ್ಲಿ. ನೂರಕ್ಕೆ ಅಂತ ನೀವೇ ಅಲ್ವಾ ಬರ್ದಿರೋದು? ಮೂವತ್ತೈದು ಬಂದ್ರೆ ಪಾಸು. ನನ್ ತಲೆ ನಾನೇ ಬಾಚ್ಕೊಂಡು ತುರುಬು ಕಟ್ಕೊಳ್ಳೋಕಾಗ್ದೇ ಪಾಸು ಅಂತ ಹೆಂಗ್ ಹಾಕ್ಕೊಳ್ಲಿ? ಒಂದ್ ಮಾರ್ಕಲ್ಲಿ ನಿಂತಿದೀನಿ."

ಲೋಟ ಕೆಳಗಿಟ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೈದು ಬಂದರೆ ಸಾಕಪ್ಪಾ ಎಂದು ದೇವರಿಗೆ ಕೈ ಮುಗಿದ ಗೆಳತಿಯರು ನನಗೂ ಇದ್ದರು. ಜಸ್ಟ್ ಪಾಸ್ ಎಂದು ಪಕ್ಕದ ಮನೆಗೆ ಸಕ್ಕರೆ ಹಂಚಿದವರನ್ನು ನೋಡಿ ಬೆಳೆದವಳು ನಾನು. ಅರವತ್ತೆಂದರೆ ಫಸ್ಟ್ ಕ್ಲಾಸ್, ಎಂಬತ್ತೈದೆಂದರೆ ಡಿಸ್ಟಿಂಕ್ಷನ್. ಅಷ್ಟೆಲ್ಲ ಗೊತ್ತಿದ್ದೂ ಆ ಗೋಪುರ ನೋಡಿದಾಗ ನನಗೆ ಹೊಳೆದದ್ದು ಕಳ್ಳತನ ಮಾತ್ರ.

ಆಮೇಲೆ ಹೋದ ಮನೆಗಳಲ್ಲೆಲ್ಲ ಇದೇ ಕಥೆ, ಬೇರೆ ಬೇರೆ ಬಾಯಲ್ಲಿ. ಆರ್.ಟಿ. ನಗರದಲ್ಲಿ ಹಣ್ಣಿನ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಹಿರಿಯರು ಪ್ರತಿ ಸುತ್ತಿನಲ್ಲೂ ಮೂವತ್ತೈದೇ ಹಾಕಿದ್ದರು. ಈಗ ಅವರು ಕೋಲಿಲ್ಲದೆ ಮಸೀದಿಯವರೆಗೂ ನಡೆಯುತ್ತಾರೆ. ಇನ್ನೂ ಹೆಚ್ಚು ಹಾಕಬಹುದಲ್ಲ ಎಂದರೆ, ಪಾಸು ಮಾಡಿದ್ದು ಮೇಲಿನವನು, ಫಸ್ಟ್ ಕ್ಲಾಸ್ ಕೊಡು ಅನ್ನೋಕೆ ನಾನ್ಯಾರು ಎಂದು ಕಿತ್ತಳೆ ಸುಲಿದು ಕೈಗಿಟ್ಟರು. ಸಿಂಗಾಪುರದ ಒಬ್ಬ ನಿವೃತ್ತ ಮೇಷ್ಟ್ರು ತಮಗೆ ತಾವೇ ಐವತ್ತೊಂಬತ್ತು ಹಾಕಿಕೊಂಡು, ಮಾತು ಇನ್ನೂ ಸ್ವಲ್ಪ ತೊದಲುತ್ತೆ, ಆದ್ದರಿಂದ ಫಸ್ಟ್ ಕ್ಲಾಸ್ ತಡೆಹಿಡಿದಿದ್ದೇನೆ ಎಂದು ಗಂಭೀರವಾಗಿ ವಿವರಿಸಿದರು.

ಅವತ್ತು ಸಂಜೆ ಬಸ್ ಸ್ಟಾಪಿನಲ್ಲಿ ಇದನ್ನೇ ಯೋಚಿಸುತ್ತ ನಿಂತೆ. ಎರಡು ಬಸ್ಸು ಬಿಟ್ಟೆ. ಗೀಟುಗಳು ಸಮನಾಗಿರುವ ಒಂದು ಅಳತೆಗೋಲನ್ನು ನಾವು ಈ ಜನರ ಕೈಗೆ ಕೊಟ್ಟಿದ್ದೆವು. ಅವರು ಅದನ್ನು ತೆಗೆದುಕೊಂಡು, ಒಬ್ಬರನ್ನೊಬ್ಬರು ಕೇಳದೆ, ಹುಡುಗರಾಗಿದ್ದಾಗಿನಿಂದ ಎದೆಯಲ್ಲಿಟ್ಟುಕೊಂಡಿದ್ದ ತಮ್ಮದೇ ಅಳತೆಗೋಲನ್ನು ಅದರ ಮೇಲಿಟ್ಟು ಅಳೆದುಕೊಂಡಿದ್ದರು. ಆ ಕೋಲಿನಲ್ಲಿ ಮೂವತ್ತನಾಲ್ಕಕ್ಕೂ ಮೂವತ್ತೈದಕ್ಕೂ ನಡುವೆ ಒಂದು ಹೊಳೆ ಹರಿಯುತ್ತದೆ. ಮೂವತ್ತಾರಕ್ಕೂ ಐವತ್ತೆಂಟಕ್ಕೂ ನಡುವೆ ಏನೂ ಇಲ್ಲ. ಇಷ್ಟು ವರ್ಷ ಅಂಕಿಗಳ ಜೊತೆ ಸಂಸಾರ ಮಾಡಿದ್ದರೂ, ಒಂದು ಅಂಕಿಯ ಒಳಗೆ ಒಬ್ಬ ಮನುಷ್ಯ ಇಷ್ಟು ನಿಷ್ಠುರವಾಗಿ, ಇಷ್ಟು ಮರ್ಯಾದೆಯಿಂದ ತನ್ನ ಬದುಕಿನ ಪೇಪರನ್ನು ತಾನೇ ತಿದ್ದಿಕೊಂಡು ಕೂತಿರುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಕಾಯಿಲೆಯಲ್ಲಿ ಬಿದ್ದಿರುವಾಗಲೂ ಗ್ರೇಸ್ ಮಾರ್ಕ್ಸ್ ಬೇಡವೆಂದವರು ಇವರು. ಆ ಟ್ರಾಫಿಕ್ಕಿನ ಗದ್ದಲದಲ್ಲಿ ನನಗೆ ಕೈ ಮುಗಿಯಬೇಕು ಅನ್ನಿಸಿತು.

ಆದರೆ ನನ್ನ ಸರಾಸರಿ ಈ ಹೊಳೆಯನ್ನು ಕಾಣಲಾರದು. ಅದಕ್ಕೆ ಒಂದು ಅಂಕ ಎಂದರೆ ಎಲ್ಲಿದ್ದರೂ ಒಂದೇ ಅಂಕ. ಇಂಥ ಅಂಕಿಗಳಿಗೆ ಬೇರೆ ವಿಧಾನವಿದೆ. ಅಂಕಗಳನ್ನು ದೂರವೆಂದು ನೋಡದೆ ಮೆಟ್ಟಿಲೆಂದು ನೋಡುವುದು, ಫೇಲು, ಪಾಸು, ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್. ಒಬ್ಬರು ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ಹೋಗುವ ಸಾಧ್ಯತೆ ಯಾವ ಗುಂಪಿನಲ್ಲಿ ಹೆಚ್ಚು ಎಂದು ಕೇಳುವುದು. ಯಾರು ಯಾವ ಗುಂಪು ಎಂದು ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ವಿಧಾನ ಬದಲಿಸಲು ಅವಕಾಶವಿತ್ತು. ಮುಖ್ಯ ವೈದ್ಯರು ಒಪ್ಪಲು ಸತಾಯಿಸಿದರು. ಸರಾಸರಿ ಎಂದರೆ ಎಲ್ಲರಿಗೂ ಅರ್ಥವಾಗುತ್ತೆ, ಈ ಎಸ್ಸೆಸ್ಸೆಲ್ಸಿ ಪುರಾಣವನ್ನು ಹೊರಗಿನವರಿಗೆ ಹೇಗೆ ಹೇಳುವುದು ಎನ್ನುವುದು ಅವರ ತಕರಾರು. ಅರ್ಥವಾಗುವ ಸುಳ್ಳಿಗಿಂತ ವಿವರಿಸಬೇಕಾದ ನಿಜ ವಾಸಿ ಎಂದು ನಾನೂ ಪಟ್ಟು ಹಿಡಿದೆ, ಕೊನೆಗೆ ಒಪ್ಪಿದರು.

ನನಗೆ ಭಯವಿದ್ದದ್ದು ಫಿಸಿಯೋಥೆರಪಿಸ್ಟ್ ಹುಡುಗಿಯ ವಿಷಯದಲ್ಲಿ. ಬದಲಾವಣೆಯ ಸುದ್ದಿ ಕೇಳಿ ಅವಳು ಹೆಲ್ಮೆಟ್ ಕೈಯಲ್ಲಿ ಹಿಡಿದೇ ನನ್ನ ಕೋಣೆಗೆ ಬಂದಳು.

"ಯಾವ್ದ್ರಲ್ಲಿ ನಮ್ಗೆ ಒಳ್ಳೇದಾಗತ್ತೆ ಮೇಡಂ? ಹಳೇದ್ರಲ್ಲೋ ಹೊಸದ್ರಲ್ಲೋ?"

"ಗೊತ್ತಿಲ್ಲ. ಗೊತ್ತಾದ್ಮೇಲೆ ಆರಿಸೋ ಹಾಗಿಲ್ಲ," ಎಂದೆ.

ಹಳೆಯದರಲ್ಲಿ ಉಳಿಯಬಹುದಾಗಿದ್ದ ಕೆಲಸ ಹೊಸದರಲ್ಲಿ ಹೋಗಲೂಬಹುದು ಎಂದು ಬಿಡಿಸಿ ಹೇಳಿದೆ. ಅವಳು ಹೆಲ್ಮೆಟ್ ತಲೆಗೇರಿಸಿ ಪಟ್ಟಿ ಬಿಗಿದಳು. ಆಮೇಲೆ, ಜನ ಹೆಂಗೆ ಲೆಕ್ಕ ಹಾಕ್ಕೊಂಡಿದಾರೋ ಹಂಗೇ ಹಾಕಿ ಮೇಡಂ ಎಂದು ಹೇಳಿ ಯಲಹಂಕಕ್ಕೆ ಹೊರಟುಹೋದಳು. ನಾವು ಬದಲಾವಣೆ ಬರೆದು, ಕಾರಣ ಬರೆದು, ಸಹಿ ಹಾಕಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದೆವು. ಮೆಟ್ಟಿಲ ಲೆಕ್ಕವೇ ಮುಖ್ಯ, ಸರಾಸರಿಯನ್ನೂ ಪಕ್ಕದಲ್ಲಿ ತೋರಿಸುವುದು ಎಂದಾಯಿತು.

ಗುಂಪುಗಳನ್ನು ಬಿಚ್ಚಿದ ದಿನ ಅವಳೂ ವೈದ್ಯರೂ ನನ್ನ ಪಕ್ಕದಲ್ಲೇ ಕೂತಿದ್ದರು. ಕಿಟಕಿಯಾಚೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳು ಎಂದಿನಂತೆ ನಿಂತಲ್ಲೇ ನಿಂತಿದ್ದವು. ಸರಾಸರಿಯ ಲೆಕ್ಕದಲ್ಲಿ ಮನೆಭೇಟಿಯ ಗುಂಪು ಚೂರು ಮೇಲಿತ್ತು, ಆದರೆ ನಾವೇ ಹಾಕಿಕೊಂಡಿದ್ದ ಗಡಿ ಮುಟ್ಟಿರಲಿಲ್ಲ. ಮೆಟ್ಟಿಲ ಲೆಕ್ಕದಲ್ಲಿ ಕಥೆ ಬೇರೆ. ಮನೆಭೇಟಿ ಸಿಕ್ಕವರಲ್ಲಿ ಹೊಳೆ ದಾಟಿದವರು ಹೆಚ್ಚು, ಆಕಸ್ಮಿಕ ಎಂದು ತಳ್ಳಿಹಾಕಲಾಗದಷ್ಟು ಹೆಚ್ಚು. ಪವಾಡವೇನಲ್ಲ. ಮುಗ್ಗರಿಸಿ ಮುಗ್ಗರಿಸಿ ಪಾಸಾದವರು. ಅವಳು ಕಣ್ಣೊರೆಸಿಕೊಂಡಳು.

ಇನ್ನು ಹೇಳಬಹುದಲ್ಲ ಎಂದು ಜಡೆಯ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿದಳು. "ಜಾಲಹಳ್ಳೀಲಿ ಹಂಗೆ ಯಾರೂ ನನ್ ಪೇಷಂಟ್ ಇಲ್ಲ ಮೇಡಂ," ಎಂದಳು. ಪಟ್ಟಿ ನೋಡಿದರೆ ನಿಜ. ಆಕೆ ಆಸ್ಪತ್ರೆಯ ಗುಂಪಿನವರು. ಹೆಬ್ಬಾಳದವರೆಗೆ ಬರಲು ಆಟೋದವರ ಜೊತೆ ಗುದ್ದಾಡಿ, ಆಯಾಸವಾಗಿ, ಬರುವುದನ್ನೇ ಅರ್ಧಕ್ಕೆ ಬಿಟ್ಟವರು. ನಮಗೆ ಅಳತೆಗೋಲು ಕೊಟ್ಟವರಿಗೇ ನಮ್ಮಿಂದ ಏನೂ ಸಿಕ್ಕಿರಲಿಲ್ಲ. ಟ್ರಸ್ಟ್ ಹಣ ಮುಂದುವರಿಸಿ, ಆಸ್ಪತ್ರೆಯ ಗುಂಪಿನವರ ಮನೆಗೂ ಹೋಗಿ ಎಂದಾಗ ಅವಳ ಸ್ಕೂಟರ್ ಮೊದಲು ಹೋದದ್ದು ಆ ಮನೆಗೆ.

ಎಷ್ಟೋ ದಿನಗಳಾದ ಮೇಲೆ ಒಂದು ಭಾನುವಾರ ನಾನೂ ಹೋದೆ. ಕೆಲಸವೇನಿರಲಿಲ್ಲ, ನೋಡಬೇಕು ಅನ್ನಿಸಿತ್ತು. ಆಕೆ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಬಟ್ಟೆಯ ಕ್ಲಿಪ್ಪುಗಳು ಸಾಲಾಗಿ ಸೀರೆಯ ಸೆರಗಿನಲ್ಲಿ ಸಿಕ್ಕಿಕೊಂಡಿದ್ದವು. ತಲೆಯಲ್ಲಿ ಜಡೆ ಇರಲಿಲ್ಲ, ತುರುಬಿತ್ತು. ಕಿವಿಯ ಕಡೆ ವಾಲಿದ, ಅರ್ಧ ಕೂದಲು ಹೊರಗೇ ಉಳಿದ ತುರುಬು. ನಾನು ಅದನ್ನು ನೋಡುತ್ತಲೇ ನಿಂತೆ. ಆಕೆ ನನ್ನ ಚೀಲದ ಕಡೆ ಕೈ ತೋರಿಸಿ, ತಂದಿದೀರಾ ಆ ಕಾಗದ ಎಂದರು. ಅಧ್ಯಯನ ಮುಗಿದಿದೆ, ಈಗ ಅಂಕ ಬೇಕಿಲ್ಲ, ಹಾಕಿದರೂ ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂದೆ.

"ನಿಮ್ ಲೆಕ್ಕ ಯಾರ್ಗೆ ಬೇಕು, ಕೊಡಿ ಇಲ್ಲಿ," ಎಂದರು.

ಚೀಲದ ತಳದಲ್ಲಿ ಮಡಿಸಿದ ಒಂದು ಹಾಳೆ ಇತ್ತು. ಎಡಗೈಯಲ್ಲಿ ಪೆನ್ನು ಹಿಡಿದು, ಗೀಟು ಗೀಟು ಎಣಿಸಿ, ಮೂವತ್ತೈದರ ಮೇಲೆ ಗುರುತು ಹಾಕಿದರು. ಗಂಡ ಬಗ್ಗಿ ನೋಡಿ, ಇನ್ನೊಂದೈದು ಹಾಕ್ಕೋಬಾರ್ದೇನೇ ಎಂದು, ಜಾರುತ್ತಿದ್ದ ತುರುಬನ್ನು ಸರಿಮಾಡಲು ಕೈ ಚಾಚಿದರು. ಆಕೆ ಅವರತ್ತ ತಿರುಗಿಯೂ ನೋಡದೆ ಆ ಕೈಯನ್ನು ಪಕ್ಕಕ್ಕೆ ತಳ್ಳಿದರು. ತಳ್ಳಿದ್ದು ಬಲಗೈಯಲ್ಲಿ.