ಜೈಲಿನ ಬಾಗಿಲಿಗೆ ಹೋಗುವ ಕೆಲಸ

ಆಗ ನನಗೆ ಅರವತ್ತೆರಡು. ಅದಾಗಿ ಮೂರು ವರ್ಷ ಕಳೆಯಿತು. ಮುಂಬಯಿ ಪಕ್ಕದ ಠಾಣೆ ಎಂಬ ಊರಿನಲ್ಲಿ, ವಕೀಲರನ್ನು ಇಡಲು ಗತಿಯಿಲ್ಲದವರ ಕೇಸನ್ನು ಪುಕ್ಕಟೆ ನಡೆಸುವ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಮಾಡುತ್ತಿದ್ದೆ. ಅದಕ್ಕೂ ಮೊದಲು ಡೊಂಬಿವಲಿಯ ಉಡುಪಿ ಹೋಟೆಲಿನಲ್ಲಿ ಪಾತ್ರೆ ತಿಕ್ಕಿದವಳು. ಓದುವುದು ಅಕ್ಷರ ಅಕ್ಷರ ಕೂಡಿಸಿ. ಇದನ್ನು ಬರೆಯುತ್ತಿರುವುದೂ ಹಾಗೆಯೇ.

ಕಚೇರಿಯ ಮುಖ್ಯಸ್ಥರು ಮೈಸೂರಿನ ಕಡೆಯ ವಕೀಲೆ. ಕೈಕೆಳಗೆ ಏಳೆಂಟು ವಕೀಲರು. ಅಲ್ಲಿ ಎಲ್ಲರಿಗೂ ನಾನು ಮೌಶಿ, ಮರಾಠಿಯಲ್ಲಿ ಚಿಕ್ಕಮ್ಮ. ಆಕೆಯೂ ನಾಲ್ಕು ಜನರ ಮುಂದೆ ಮೌಶಿ ಎನ್ನುವರು, ಎಲ್ಲರೂ ಹೋದಮೇಲೆ ಅಮ್ಮ ಎನ್ನುವರು. ಮನೆಯಲ್ಲಿ ನನ್ನ ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ಬಾಯಿ ತುಂಬ ಕನ್ನಡ ಆಡಬೇಕಾದರೆ ನನಗೆ ಮ್ಯಾಡಮ್ ಒಬ್ಬರೇ ಇದ್ದರು. ನನ್ನದು ವಿಜಯಪುರದ ಮಾತು. "ನೀವು ಚಹಾ ಬೇಕಾ ಅಂತ ಕೇಳಿದ್ರೂ ಜಗಳಕ್ಕೆ ಬಂದ ಹಾಗಿರುತ್ತೆ" ಎಂದು ನಗುತ್ತಿದ್ದರು.

ಆಕೆ ಕಚೇರಿ ನಡೆಸುವ ರೀತಿ ಬೇರೆಯಿತ್ತು. ತನ್ನ ವಕೀಲರು ವಾರಕ್ಕೊಮ್ಮೆ ಜೈಲಿಗೆ ಹೋಗಿ ಕಕ್ಷಿದಾರರ ಎದುರು ಕೂತು ಮಾತಾಡಲೇಬೇಕು, ಬರೀ ಕಾಗದ ಓದಿ ವಾದ ಮಾಡುವಂತಿಲ್ಲ. ಆದರೆ ಬಿಡುಗಡೆಯಾದವರು ಹೊರಗೆ ಬರುವ ಹೊತ್ತಿಗೆ ಯಾವ ವಕೀಲರೂ ಜೈಲಿನ ಬಾಗಿಲಲ್ಲಿ ನಿಂತಿರಬಾರದು. ಆ ಜಾಗ ಮನೆಯವರದು. ಮನೆಯವರು ಯಾರೂ ಇಲ್ಲದವರಿಗೆ ನನ್ನನ್ನು ಕಳಿಸುವರು. ಒಳಗೆ ಹೋಗುವಾಗ ಇದ್ದ ಚಪ್ಪಲಿ ಹೊರಗೆ ಬರುವಾಗ ಎಷ್ಟೋ ಜನಕ್ಕೆ ಇರುವುದಿಲ್ಲ. ಅದಕ್ಕೆ ನನ್ನ ಚೀಲದಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ, ಎರಡು ವಡಾಪಾವ್, ನೀರಿನ ಬಾಟಲಿ.

ಮರುದಿನ ಚಹಾ ಇಟ್ಟ ಕೂಡಲೇ ಮ್ಯಾಡಮ್ ಕೇಳುತ್ತಿದ್ದುದು ಒಂದೇ ಮಾತು. "ಆಚೆ ಬಂದು ಮೊದಲು ಏನು ಮಾಡಿದ್ರು?"

ನಾನು ಹೇಳುತ್ತಿದ್ದೆ. ಮುಂಬ್ರಾದ ಒಬ್ಬ ಹೊರಗೆ ಬಂದವನೇ ತನ್ನದಲ್ಲದ ಬಸ್ಸಿನ ಹಿಂದೆ ಓಡಿದ, ಸುಮ್ಮನೆ, ಓಡಲಿಕ್ಕೆ. ಕೋಪರಖೈರಣೆಯ ಹಮಾಲಿಯೊಬ್ಬ ಫುಟ್‌ಪಾತಿನಲ್ಲಿ ಕೂತು ವಡಾಪಾವ್ ಅರ್ಧ ತಿಂದು ಹಾಗೆಯೇ ನಿದ್ದೆ ಹೋದ. ಇನ್ನೊಬ್ಬ ನನ್ನನ್ನೇ ಬೈದ, ಚಪ್ಪಲಿ ಹೆಂಗಸರದ್ದು ಅಂತ. ಮ್ಯಾಡಮ್ ಲೋಟ ಕೈಯಲ್ಲೇ ಹಿಡಿದು, ಚಹಾ ಆರಿದರೂ ಕುಡಿಯದೆ ಕೇಳುತ್ತಿದ್ದರು. ಯಾವ ಸೀರಿಯಲ್ಲನ್ನೂ ಯಾರೂ ಹಾಗೆ ನೋಡಿದ್ದು ನಾನು ಕಾಣೆ.

ಒಮ್ಮೆ ನಾನು ಕೇಳಿಬಿಟ್ಟೆ. "ಇಷ್ಟ ಆಸೆ ಇದ್ದರ ನೀವ ಹೋಗಿ ನೋಡ್ರಿ. ನಿಮಗ ಕಣ್ಣಿಲ್ಲೇನು?"

"ಕಣ್ಣಿದೆ ಅಮ್ಮ. ನನ್ನನ್ನ ನೋಡಿದ್ರೆ ಅವರು ಕಾಲಿಗೆ ಬೀಳ್ತಾರೆ. ಅಷ್ಟು ದಿನ ಆದ್ಮೇಲೆ ಆಚೆ ಬಂದ ಮೊದಲನೇ ನಿಮಿಷ ಇನ್ನೊಬ್ಬರ ಕಾಲ ಹತ್ರ ಯಾಕೆ ಹೋಗಬೇಕು?"

"ನನ್ನ ಕಾಲಿಗೆ ಯಾರೂ ಬೀಳಂಗಿಲ್ಲ ಬಿಡ್ರಿ."

"ಅದಕ್ಕೇ ನಿಮ್ಮನ್ನ ಕಳಿಸೋದು."

ಆಕೆಯ ಅವಧಿ ಮುಗಿಯಿತು. ಮೇಲಿನವರು ಮುಂದುವರಿಸಲಿಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ಕಾನೂನು ಕಲಿಸುವ ಕೆಲಸ ಸಿಕ್ಕಿತ್ತು, ಎರಡು ದಿನದಲ್ಲಿ ಅಲ್ಲಿರಬೇಕು. ಕಚೇರಿಯ ಕಡೆಯ ದಿನವೇ ಒಂದು ಆದೇಶ ಕೈಗೆ ಬಂತು. ಖಾರಘರದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಹತ್ತಿರ ಚಿಂದಿ ಆಯುವ ಹೆಂಗಸೊಬ್ಬಳನ್ನು ತಾಮ್ರದ ತಂತಿ ಕದ್ದಳೆಂದು ಹಿಡಿದಿದ್ದರು. ಹಿಂದೆ ಮುಂದೆ ಯಾರೂ ಇಲ್ಲ. ಜಾಮೀನು ಸಿಕ್ಕರೂ ಜಾಮೀನು ನಿಲ್ಲುವವರಿಲ್ಲದೆ ಒಳಗೇ ಉಳಿದಿದ್ದಳು. ಮ್ಯಾಡಮ್ ಕೋರ್ಟಿಗೆ ಮೇಲಿಂದ ಮೇಲೆ ಹೋಗಿ, ಆಕೆಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದ್ದರು.

ನಾನು ಚೀಲಕ್ಕೆ ಚಪ್ಪಲಿ ಹಾಕುತ್ತ ಹೇಳಿದೆ, "ಕಚೇರಿ ಕೀಲಿ ಕೊಟ್ಟ ಮ್ಯಾಲ ನೀವು ಇಲ್ಲಿಯ ವಕೀಲರಲ್ಲ. ನಿಮ್ಮ ಕಾಯ್ದೆ ನಿಮಗ ಹತ್ತಂಗಿಲ್ಲ. ಈ ಸಲ ಬರ್ರಿ. ಒಬ್ಬರನ್ನರ ನೋಡಿ ಹೋಗ್ರಿ."

ಆಕೆ ಮೇಜು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ದೂರ ನಿಂತ್ಕೋತೀನಿ. ನಾನು ಯಾರು ಅಂತ ಹೇಳಬಾರದು" ಎಂದರು.

"ನಮ್ಮ ಸೊಸಿ ಅಂತೇನಿ."

"ಅಯ್ಯೋ, ಆಮೇಲೆ ಬಯ್ಯೋಕೆ ಶುರು ಮಾಡ್ತೀರ."

ಹೆಂಗಸು ಇದ್ದದ್ದು ಕಲ್ಯಾಣದ ಜೈಲಿನಲ್ಲಿ. ಮ್ಯಾಡಮ್‌ಗೆ ಅದೂ ಅನುಕೂಲ. ಗಂಡ ಸಾಮಾನು ಸಮೇತ ಮುಂಬಯಿಯಲ್ಲಿ ಮೈಸೂರಿನ ರೈಲು ಹತ್ತುವರು, ಈಕೆ ಕಲ್ಯಾಣದಲ್ಲಿ ಸೇರಿಕೊಳ್ಳುವುದು ಎಂದು ಮಾತಾಯಿತು. ಇಬ್ಬರೂ ಲೋಕಲ್ ಹಿಡಿದು ಹೋದೆವು.

ಜೈಲಿನ ಬಾಗಿಲ ಹತ್ತಿರ ಒಂದು ಪೆಟ್ಟಿಗೆ ಇರುತ್ತದೆ. ಬಿಡುಗಡೆಯ ಕಾಗದ ಅದರಲ್ಲಿ ಬೀಳಬೇಕು. ಸಂಜೆ ಅದನ್ನು ತೆಗೆಯುವಾಗ ಯಾರ ಕಾಗದ ಇದೆಯೋ ಅವರು ಅಂದು ಹೊರಗೆ. ಇಲ್ಲದವರು ಮರುದಿನ ಬೆಳಿಗ್ಗೆ ಅದು ತೆರೆಯುವವರೆಗೆ ಕಾಯಬೇಕು. ಕಾಗದ ಹಾಕಲು ನಮ್ಮ ಕಚೇರಿಯ ಹಿರಿಯ ವಕೀಲರೊಬ್ಬರು ಮಧ್ಯಾಹ್ನವೇ ಹೊರಟಿದ್ದರು.

ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಕೂತೆವು. ಮ್ಯಾಡಮ್ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ನೋಡಿದವರು ನಿಜವಾಗಿ ನನ್ನ ಸೊಸೆ ಎನ್ನಬೇಕು. ಬಾಗಿಲಲ್ಲಿರುವ ಸಣ್ಣ ಬಾಗಿಲು ತೆರೆದಾಗೆಲ್ಲ ಆಕೆ ನನ್ನ ಮೊಣಕೈ ಹಿಡಿಯುವರು. ಒಬ್ಬ ಗಂಡಸು ಬಂದ. ಮತ್ತಿಬ್ಬರು ಬಂದರು. ಅವರನ್ನು ಕರೆದೊಯ್ಯಲು ಮನೆಯವರು ಇದ್ದರು. ಆಮೇಲೆ ಬಾಗಿಲು ತೆರೆಯಲಿಲ್ಲ.

ನಾನು ಹೋಗಿ ಕೇಳಿದೆ. ಅಂಥ ಹೆಸರಿನ ಕಾಗದವೇ ಬಂದಿಲ್ಲ ಎಂದರು.

ಮ್ಯಾಡಮ್ ಫೋನು ಹಚ್ಚಿದರು. ಆ ವಕೀಲರ ದನಿ ನನಗೂ ಕೇಳುತ್ತಿತ್ತು. ಹೆಂಗಸರ ಕಾಗದ ಎಂದರೆ ಇಷ್ಟು ವರ್ಷ ಠಾಣೆಯ ಜೈಲಿನ ಪೆಟ್ಟಿಗೆಗೆ ಹಾಕಿದ ಕೈ. ಈಕೆಯನ್ನು ಕಲ್ಯಾಣಕ್ಕೆ ಕಳಿಸಿದ್ದು ಗೊತ್ತಿದ್ದೂ ಕಾಲು ಅಲ್ಲಿಗೇ ಹೋಗಿ, ಅಲ್ಲಿಯೇ ಹಾಕಿ ಬಂದಿದ್ದರು.

"ಒಳಗೆ ಆಕೆಗೆ ಇವತ್ತು ಅಂತ ಹೇಳಿರ್ತಾರೆ ರೀ" ಎಂದರು ಮ್ಯಾಡಮ್. "ಗಂಟು ಕಟ್ಟಿಕೊಂಡು ಕೂತಿರ್ತಾಳೆ. ಈಗಲೇ ಹೋಗಿ ಆ ಕಾಗದ ವಾಪಸ್ ತಗೊಳ್ಳಿ. ಬೆಳಿಗ್ಗೆ ಪೆಟ್ಟಿಗೆ ತೆಗೆಯೋ ಮುಂಚೆ ಇಲ್ಲಿರಬೇಕು." ಕೂಗಲಿಲ್ಲ. ಫೋನು ಇಟ್ಟ ಮೇಲೆ ಆರಿದ ಚಹಾ ಒಂದೇ ಗುಟುಕಿಗೆ ಕುಡಿದರು.

"ರೈಲು ಬಿಡ್ರಿ. ನಾಳೆ ಹೋಗ್ರಿ. ನಮ್ಮ ಮನ್ಯಾಗ ಮಲಗ್ರಿ."

"ಅವರು ಅಷ್ಟೂ ಸಾಮಾನು ಇಟ್ಕೊಂಡು ರೈಲಲ್ಲಿ ಕೂತಿರ್ತಾರಮ್ಮ. ನಾಡಿದ್ದು ಕಾಲೇಜಿಗೆ ಹಾಜರಾಗಬೇಕು."

"ಹಂಗಾರ ನಾಳೆ ಫೋನ್ ಮಾಡಿ ಹೇಳ್ತೀನಿ."

ಆಕೆ ತಲೆಯಾಡಿಸಿದರು. "ಫೋನಲ್ಲಿ ಬೇಡ. ಎದುರಿಗೆ ಕೂತು ಕೇಳಿ ಅಭ್ಯಾಸ ಆಗೋಗಿದೆ. ನಾನು ಈ ಕಡೆ ಬಂದಾಗ ಹೇಳಿ. ಮರೀಬೇಡಿ."

ರಿಕ್ಷಾ ಹತ್ತುವಾಗ ಜೈಲಿನ ಕಡೆ ಒಮ್ಮೆ ನೋಡಿದರು. ನನ್ನ ಕಡೆ ನೋಡಲಿಲ್ಲ. ನಾನೂ ಕೈ ಬೀಸಲಿಲ್ಲ, ಚೀಲ ಇತ್ತು.

ಹಬ್ಬಕ್ಕೆ ಫೋನು ಮಾಡುತ್ತಾರೆ. ಮೊಣಕಾಲು ಹೇಗಿದೆ, ಮೊಮ್ಮಗಳು ಕನ್ನಡ ಆಡುತ್ತಾಳಾ ಎಂದು ಕೇಳುತ್ತಾರೆ. ಆ ಹೆಂಗಸಿನ ಮಾತು ಆಕೆ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಈ ಕಡೆ ಇನ್ನೂ ಬಂದಿಲ್ಲ. ಅದೊಂದು ಮಾತು ನನ್ನ ಬಾಯಲ್ಲಿ ಹಾಗೆಯೇ ಕೂತಿದೆ. ನನಗೂ ವಯಸ್ಸಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ.

ಮ್ಯಾಡಮ್ ಹೋದ ಮರುದಿನ ಬೆಳಿಗ್ಗೆ ಮತ್ತೆ ಕಲ್ಯಾಣಕ್ಕೆ ಹೋದೆ. ವಕೀಲರು ನನಗಿಂತ ಮುಂಚೆ ಬಂದು ಕಾಗದ ಹಾಕಿ, ದೂರದ ಮರದ ಕೆಳಗೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಹೆಂಗಸು ಬಂದಳು. ಬರಿಗಾಲು, ಕೈಯಲ್ಲಿ ಒಂದು ಗಂಟು. ಸಣ್ಣ ಬಾಗಿಲು ದಾಟಿ, ಗಂಟು ನೆಲಕ್ಕಿಟ್ಟು, ಹಿಂದೆ ತಿರುಗಿ ಆ ಬಾಗಿಲನ್ನು ತನ್ನ ಕೈಯಿಂದಲೇ ಎಳೆದು ಹಾಕಿದಳು. ಮತ್ತೆ ನೂಕಿ ತೆರೆದಳು. ಮತ್ತೆ ಹಾಕಿದಳು. ಒಳಗಿಂದ ಪೊಲೀಸಮ್ಮ "ಅಗಂ ಬಾಯೀ, ಅದು ನನ್ನ ಕೆಲಸ" ಎಂದು ಮರಾಠಿಯಲ್ಲಿ ಕೂಗಿದಳು.

ಚಪ್ಪಲಿ ಕೊಟ್ಟೆ, ಸರಿಯಾಯಿತು. ತಿನ್ನಿಸಿ, ರೈಲು ಹತ್ತಿಸಿ, ಠಾಣೆಗೆ ಹೋಗಿ ಕಚೇರಿ ಗುಡಿಸಿದೆ. ಹೊಸ ಸಾಹೇಬರು ಬಂದಿದ್ದರು. ಚಹಾ ಮಾಡಿ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವರು ತಲೆಯೆತ್ತಿ, "ಇನ್ನೇನು ಮೌಶಿ?" ಎಂದರು. ಏನಿಲ್ಲ ಎಂದು ಬಂದು ಪಾತ್ರೆ ತೊಳೆದೆ.