ಗಿರಿಜಾ ಮೇಡಂ ಅವರ ಗ್ರಾಫ್ ಪಾಠ

ಆ ಪಾಠ ನನ್ನದಲ್ಲ. ಜಿಲ್ಲೆಯ ಗಣಿತ ಶಿಕ್ಷಕರು ಇಷ್ಟು ವರ್ಷ ನನ್ನ ಹೆಸರಿನಿಂದ ಕರೆಯುತ್ತ ಬಂದ ಆ ಪದ್ಧತಿ ನಾನು ಕದ್ದದ್ದು — ಗಿರಿಜಾ ಮೇಡಂ ಅವರಿಂದ.

ರಾಣೆಬೆನ್ನೂರಿನ ನಮ್ಮ ಕಾಲೇಜಿಗೆ ಅವರು ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅತಿಥಿ ಉಪನ್ಯಾಸಕಿ. ನನ್ನ ತರಗತಿಯಲ್ಲಿ ಮಕ್ಕಳು ಚುಕ್ಕಿ ಇಟ್ಟು, ಗೆರೆ ಎಳೆದು, ಮರೆತುಬಿಡುತ್ತಿದ್ದರು. ಅವರು ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಎಕ್ಸ್‌ನ ವರ್ಗವೆಂದರೆ ಎರಡೂ ತೋಳು ಬಾಗಿ ಮೇಲಕ್ಕೆ; ಘನವೆಂದರೆ ಬಲಗೈ ಮೇಲೆ, ಎಡಗೈ ಕೆಳಗೆ. ಸಮೀಕರಣ ಹೇಳಿದೊಡನೆ ಇಡೀ ತರಗತಿ ಗ್ರಾಫ್ ಆಗಿ ನಿಲ್ಲುತ್ತಿತ್ತು. ಪೆನ್ಸಿಲ್ ಆಮೇಲೆ.

ಬಾಗಿಲಲ್ಲಿ ನಿಂತು ನೋಡಿದ್ದನ್ನು ಹಾವೇರಿಯ ಶಿಕ್ಷಕರ ತರಬೇತಿಯಲ್ಲಿ ಮಾಡಿಸಿದೆ. ಚಪ್ಪಾಳೆ ಬಿತ್ತು.

‘ಇದು ನೀವ ಹುಡುಕಿದ್ದೇನ್ರಿ ಸರ?’ ಎಂದು ಸಂಘಟಕರು ಕೇಳಿದರು.

‘ಹೌದ್ರಿ,’ ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಎಕ್ಸ್‌ನಿಂದ ಎರಡು ಕಳೆದು ವರ್ಗ ಮಾಡಿದರೆ ಗ್ರಾಫ್ ಎಡಕ್ಕಲ್ಲದೆ ಬಲಕ್ಕೇಕೆ ಸರಿಯುತ್ತದೆ, ಮಕ್ಕಳಿಗೆ ಹೇಗೆ ತಿಳಿಸುವುದು ಎಂದು ಶಿಕ್ಷಕಿಯೊಬ್ಬರು ಕೇಳಿದ್ದರು. ನಿಯಮ ಗೊತ್ತಿತ್ತು, ತಿಳಿಸುವ ದಾರಿ ಗೊತ್ತಿರಲಿಲ್ಲ. ನಾಳೆ ಹೇಳುವೆನೆಂದು ತಪ್ಪಿಸಿಕೊಂಡು, ಗಿರಿಜಾ ಮೇಡಂಗೆ ಫೋನ್ ಮಾಡಿ, ಯಾಕೆಂದು ತಿಳಿಸದೆ ಕೇಳಿದೆ. ಕಂಸದೊಳಗಿನದು ಎಲ್ಲಿ ಸೊನ್ನೆಯಾಗುತ್ತದೆಂದು ಮಕ್ಕಳೇ ಹುಡುಕಲಿ, ಗ್ರಾಫಿನ ತಳ ಅಲ್ಲೇ ಊರುತ್ತದೆ ಎಂದು ಅವರು ಖುಷಿಯಿಂದ ವಿವರಿಸಿದರು. ಅದನ್ನೂ ನನ್ನದಾಗಿಸಿಕೊಂಡೆ.

ಮುಂದಿನ ವರ್ಷ ಕಾಯಂ ಉಪನ್ಯಾಸಕರು ಬಂದರು. ಗಿರಿಜಾ ಮೇಡಂ ಅವರ ಕೆಲಸ ಹೋಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು — ಆ ಹೆಸರು ಅವರಿಗಿದ್ದಿದ್ದರೆ ಬೇರೆ ಕಾಲೇಜು ಕರೆಯುತ್ತಿತ್ತೇನೋ… ಬಿಡಲಿಲ್ಲ.

ಈ ವರ್ಷ, ಕೊನೆಗೂ, ಬ್ಯಾಡಗಿಗೆ ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ನಡೆದಿತ್ತು. ಮಕ್ಕಳು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ಬೋರ್ಡ್ ಒರೆಸುತ್ತಲೇ ಕೇಳಿಸಿಕೊಂಡರು.

‘ನನಗ ಗೊತ್ತಿತ್ರಿ ಸರ. ನೀವ ಬಂದು ಹೇಳತೀರಿ ಅಂತ ಭಾಳ ದಿನ ದಾರಿ ನೋಡಿದೆ. ಆಮ್ಯಾಲೆ ಬಿಟ್ಟೆ.’

ಮುಂದಿನ ತರಬೇತಿಯನ್ನು ಅವರೇ ನಡೆಸಬೇಕೆಂದು ಕೇಳಿಕೊಂಡೆ. ಅವರು ಡಸ್ಟರ್ ಬದಿಗಿಟ್ಟರು.

‘ಬರತೀನ್ರಿ. ಆದರ ಈಗ ನನಗ ಹೇಳಿದ್ದನ್ನ ಮೊದಲ ಅಲ್ಲಿ ಎಲ್ಲಾರ ಮುಂದ ಹೇಳ್ರಿ.’

ಹೇಳಿದೆ. ಅಂದು ತರಬೇತಿಯಲ್ಲಿ ಚಹಾದ ಹೊತ್ತಿಗೆ ಹಳೆಯ ಗೆಳೆಯನೊಬ್ಬ ನನ್ನ ಪಕ್ಕ ನಿಲ್ಲದೆ ಸರಿದುಹೋದ. ಅದು ಸರಿಯೇ. ಆಮೇಲೆ ಗಿರಿಜಾ ಮೇಡಂ ಸೈನ್ ಅಲೆಯ ಪಾಠ ಶುರು ಮಾಡಿದರು — ನಾನು ಎಂದೂ ಕಂಡಿರದ ಪಾಠ. ಶಿಕ್ಷಕರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ನಾನು ಹಿಂದೆ ಕೂತು ಕಲಿತೆ.

ಈಗ ಹಾವೇರಿಯ ಕಾಲೇಜೊಂದು ಅವರನ್ನು ಕರೆದಿದೆ, ಜೂನ್‌ನಿಂದ ಹೋಗುತ್ತಾರಂತೆ. ಕಳೆದುಹೋದ ವರ್ಷಗಳನ್ನು ಅದು ತುಂಬುವುದಿಲ್ಲ — ಬಲ್ಲೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ. ನಾನೂ ಕೇಳಿಲ್ಲ.