ಮೂಗು ಸತ್ತ ಮೆಕ್ಯಾನಿಕ್

ಒಲೆಯ ಮೇಲೆ ಹಾಲು ಸೀದುಹೋದರೂ ಈಗ ನನಗೆ ತಿಳಿಯುವುದಿಲ್ಲ, ಗೆಳೆಯರೇ. ಜ್ವರವೊಂದು ಬಂದು ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಜೊತೆಗೆ ಕೊಂಡೊಯ್ದಿತು. ಅಡುಗೆಮನೆಯಲ್ಲಾದರೆ ಇದು ಸಣ್ಣ ನಷ್ಟ. ಹೆಂಡತಿ ಓಡಿಬಂದು ಪಾತ್ರೆ ಇಳಿಸುತ್ತಾಳೆ. ಆದರೆ ನಾನು ಕುಂದಗೋಳದ ಕಾರು ಮೆಕ್ಯಾನಿಕ್. ಹೊಗೆಕೊಳವೆಯ ಬಳಿ ಬಗ್ಗಿ ಒಮ್ಮೆ ಮೂಸಿದರೆ ಎಂಜಿನ್ನಿನ ಒಳಸಂಕಟವನ್ನೆಲ್ಲ ಹೇಳಬಲ್ಲವನೆಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವನು. ಮೂಗಿನ ವಾಸನೆ ಹೋದರೂ ಆ ಹೆಸರಿನ ವಾಸನೆ ನನ್ನನ್ನು ಬಿಟ್ಟಿರಲಿಲ್ಲ. ಹಾಗಾಗಿ ಹೆಂಡತಿಯ ಹೊರತು ಯಾರಿಗೂ ಹೇಳಲಿಲ್ಲ.

ನಮ್ಮೂರಿನಿಂದ ದಿನಾ ಯರಗುಪ್ಪಿಯ ಶಾಲೆಗೆ ಹೋಗಿ ಕಲಿಸುವ ಶಾಂತಾ ಟೀಚರನ್ನು ಊರೆಲ್ಲ ಅಕ್ಕಾರು ಎಂದೇ ಕರೆಯುತ್ತದೆ. ಚಿಕ್ಕಂದಿನಿಂದ ಅವರ ಎಡಗಾಲಿನಲ್ಲಿ ಬಲವಿಲ್ಲ. ಬಸ್ಸು ಹತ್ತುವ ಪಾಡು ತಾಳಲಾರದೆ ಅವರು ಹಳೆಯ ಕಾರೊಂದನ್ನು ಕೊಂಡಾಗ, ಕ್ಲಚ್ಚನ್ನು ಕೈಯಿಂದ ಒತ್ತುವಂತೆ ಹಿಡಿಕೆ ಕೂಡಿಸಿಕೊಟ್ಟವನು ನಾನೇ. ಒಂದು ಮುಂಜಾನೆ ಆ ಕಾರು ಕರಿಹೊಗೆ ಉಗುಳುತ್ತ ನನ್ನ ಅಂಗಡಿಗೆ ಬಂತು.

"ಈರಣ್ಣಾರ, ಪೆಟ್ರೋಲ್ ಅಗದಿ ನೀರ ಕುಡದಂಗ ಕುಡ್ಯಾಕತ್ತೈತ್ರಿ. ನೋಡ್ರಿ ಸ್ವಲ್ಪ."

ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಕಾಡಿಗೆ ಮೆತ್ತಿದಂತೆ ಕಪ್ಪಾಗಿತ್ತು. ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗುತ್ತಿದೆಯೆನ್ನಲು ಅಷ್ಟು ಸಾಕು; ಎಲ್ಲಿಂದ ಹೆಚ್ಚಾಗುತ್ತಿದೆ ಎಂಬುದೇ ಪ್ರಶ್ನೆ. ಧೂಳು ಕಟ್ಟಿದ್ದ ಗಾಳಿಯ ಫಿಲ್ಟರ್ ಬದಲಿಸಿದೆ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ರೂಢಿಯಂತೆ ಮೂಗಿಗೆ ಹಿಡಿದೆ. ಏನೂ ತಿಳಿಯಲಿಲ್ಲ. ಆಯಿಲ್ ಗುರುತಿಗಿಂತ ಮೇಲೇರಿತ್ತು. ಯಾರೋ ಹೆಚ್ಚು ಸುರಿದಿರಬೇಕು ಎಂದುಕೊಂಡೆ. ಅಕ್ಕಾರು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಿಲ್ರಿ ಅಕ್ಕಾರ, ಫಿಲ್ಟರ್ ಕಟ್ಟಿತ್ತು. ಆರಾಮ ಹೋಗ್ರಿ," ಎಂದೆ.

ಐದನೆಯ ದಿನ ಯರಗುಪ್ಪಿಯ ದಾರಿಯಲ್ಲಿ, ಎರೆಹೊಲಗಳ ನಡುವೆ, ಕಾರು ಕಟಕಟ ಸದ್ದು ಮಾಡಿ ನಿಂತುಬಿಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಕೆಳಗಿನ ಬೋಲ್ಟು ಬಿಚ್ಚಿದರೆ ಆಯಿಲ್ ನೀರಿನಷ್ಟು ತೆಳ್ಳಗೆ ಸುರಿಯಿತು. ಪೆಟ್ರೋಲಿನ ಒತ್ತಡ ಕಾಯುವ ಪುಟ್ಟ ಡಬ್ಬಿಯೊಳಗೆ ರಬ್ಬರು ಹರಿದಿತ್ತು. ಅಲ್ಲಿಂದ ಸೋರಿದ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿದು, ಆಯಿಲಿನಲ್ಲಿ ಬೆರೆತು, ಬೇರಿಂಗುಗಳನ್ನೆಲ್ಲ ತಿಂದುಹಾಕಿತ್ತು. ಅಂದು ಆ ಕಡ್ಡಿಯ ತುದಿ ಪೆಟ್ರೋಲ್ ನಾರುತ್ತಿದ್ದಿರಬೇಕು. ಇನ್ನು ಆ ಎಂಜಿನ್ ಏಳುವಂತಿರಲಿಲ್ಲ. ಅಷ್ಟು ಹಳೆಯ ಮಾದರಿಯ ಇನ್ನೊಂದು ಎಲ್ಲಿ ಹುಡುಕಿದರೂ ಸಿಗಲಿಲ್ಲ.

"ಅಕ್ಕಾರ, ನನಗ ವಾಸನಿ ಬರೂದಿಲ್ರಿ. ಭಾಳ ದಿನಾ ಆತು," ಎಂದು ಕೊನೆಗೂ ಬಾಯಿಬಿಟ್ಟೆ.

ಬೈಗುಳಕ್ಕೆ ತಲೆತಗ್ಗಿಸಿ ನಿಂತಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತ ಒಂದ ಮಾತ ಹೇಳಿದ್ರ, ನಾನ ಮೂಸಿ ಹೇಳತಿದ್ನೆಲ್ರಿ," ಎಂದರು.

ನಾಲ್ಕಾರು ಶಬ್ದಗಳ ಮಾತು ಅದು. ಅದನ್ನಾಡಲಾರದ ನನ್ನ ನಾಲಿಗೆಗಿಂತ ಸತ್ತ ಮೂಗೇ ಮೇಲು ಎನ್ನಿಸುತ್ತದೆ ಈಗ.

ಈಗ ಅಕ್ಕಾರು ನನ್ನ ಅಂಗಡಿಯ ಎದುರಿನಿಂದಲೇ ಬಸ್ಸು ಹತ್ತುತ್ತಾರೆ. ಎರಡೂ ಕೈಯಿಂದ ಕಂಬಿ ಹಿಡಿದು, ಬಲಗಾಲನ್ನು ಮೆಟ್ಟಿಲ ಮೇಲೆ ಊರಿ, ಎಡಗಾಲನ್ನು ಚೀಲದಂತೆ ಎಳೆದುಕೊಳ್ಳುತ್ತಾರೆ. ಒಂದು ದಿನ ನೋಡಲಾರದೆ ಓಡಿಹೋಗಿ ಕೈ ಚಾಚಿದೆ.

"ಬ್ಯಾಡ್ರಿ ಈರಣ್ಣಾರ," ಎಂದರು, ಸಿಟ್ಟೇನೂ ಇಲ್ಲದೆ. "ನನಗ ರೂಢಿ ಆಗ್ಲಿ."